ಬೋರ್ಡ್ ನೋಡಿ ಹೋಗಬೇಡಿ, ಮೊದಲು ಫೋನ್ ಮಾಡಿ ಕೇಳಿ

ಪ್ರಶ್ನೆ: ಅಕ್ಕ, ನನಗೆ 34 ವರ್ಷ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅಮ್ಮನಿಗೆ 61. ರಾತ್ರಿ ಮೂರು ಗಂಟೆಗೆ ಎದ್ದು ಹಾಲ್‌ನಲ್ಲಿ ಲೈಟ್ ಹಾಕದೆ ಕೂತಿರುತ್ತಾರೆ. ಊಟ ಅರ್ಧಕ್ಕೇ ಬಿಡುತ್ತಾರೆ. ಅಪ್ಪನ ಮೊಬೈಲ್‌ಗೆ ಈಗಲೂ ತಪ್ಪದೆ ರೀಚಾರ್ಜ್ ಮಾಡಿಸುತ್ತಾರೆ, ಯಾಕಮ್ಮಾ ಅಂದರೆ ‘ಇರಲಿ ಬಿಡು’ ಅನ್ನುತ್ತಾರೆ. ಕೌನ್ಸೆಲರ್ ಹತ್ತಿರ ಹೋಗೋಣ ಅಂದರೆ ‘ನನಗೇನು ಹುಚ್ಚಾ?’ ಅಂತ ಕೋಪ. ಮೊಬೈಲಲ್ಲಿ ಹುಡುಕಿದರೆ ಹೆಸರುಗಳೇನೋ ರಾಶಿ ಬರುತ್ತವೆ, ಆದರೆ ನಾನು ಫೋನ್ ಮಾಡಿದವರೆಲ್ಲ ಇಂಗ್ಲಿಷಿನವರೇ. ಯಾರಿಗೆ ಲೈಸೆನ್ಸ್ ಇದೆ ಅಂತ ತಿಳಿಯೋದು ಹೇಗೆ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಮೊದಲು ಕಹಿ ಸುದ್ದಿ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಒಂದು ಸಲೂನ್ ಇಡುವುದಕ್ಕೂ ಪಾಲಿಕೆಯ ಲೈಸೆನ್ಸ್ ಬೇಕು, ಆದರೆ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಂಡವರನ್ನು ಯಾರೂ ಏನೂ ಕೇಳುವುದಿಲ್ಲ. ಆರೋಗ್ಯಕ್ಕೆ ಸಂಬಂಧಿಸಿದ ಇಂತಿಂಥ ಕೆಲಸ ಮಾಡುವವರು ನೋಂದಣಿ ಮಾಡಿಸಿಕೊಳ್ಳಬೇಕು ಅಂತ 2021ರಲ್ಲಿ ಕೇಂದ್ರ ಒಂದು ಕಾನೂನು ಮಾಡಿದೆ, ಅದರ ಪಟ್ಟಿಯಲ್ಲಿ ಕೌನ್ಸೆಲರ್‌ಗಳೂ ಇದ್ದಾರೆ, ನಿಜ. ಅದು ನೆಟ್ಟಗೆ ಜಾರಿಗೆ ಬರುವ ತನಕ ವಿಚಾರಿಸಿಕೊಳ್ಳುವ ಕೆಲಸ ನಮ್ಮದೇ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷದ ಹಿಂದೆ ಭಾವನ ಮಗ ಕಾಲೇಜಿಗೆ ಹೋಗಲ್ಲ ಅಂತ ರೂಮಿನ ಬಾಗಿಲು ಹಾಕಿಕೊಂಡು ಕೂತಾಗ, ಯಾರೋ ಹೇಳಿದರು ಅಂತ ಒಬ್ಬರ ಹತ್ತಿರ ಕರೆದುಕೊಂಡು ಹೋದೆ. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟು. ಹುಡುಗನ ಜೊತೆ ಹತ್ತು ನಿಮಿಷ ಮಾತಾಡಿ, ‘ಇವನ ನಕ್ಷತ್ರ ಯಾವುದು?’ ಅಂದರು! ಆಮೇಲೆ ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್, ದುಡ್ಡು ಮುಂಚೆ. ಹೊರಡುವಾಗ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಓದಿದರೆ, ಎಲ್ಲಕ್ಕಿಂತ ದೊಡ್ಡ ಫ್ರೇಮಿನಲ್ಲಿದ್ದದ್ದು ಎರಡು ದಿನದ ವರ್ಕ್‌ಶಾಪ್‌ಗೆ ಹಾಜರಾದ ಪತ್ರ.

ಹಾಗಾದರೆ ಯಾರಿಗೆ ನೋಂದಣಿ ನಂಬರ್ ಇರುತ್ತೆ? ಮುಖ್ಯವಾಗಿ ಇಬ್ಬರಿಗೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರೇ, ಮೆಡಿಕಲ್ ಕೌನ್ಸಿಲ್‌ನ ರಿಜಿಸ್ಟ್ರೇಷನ್ ನಂಬರ್ ಇರುತ್ತೆ. ಇನ್ನೊಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್. ಸಾಮಾನ್ಯವಾಗಿ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಆಸ್ಪತ್ರೆಯಲ್ಲಿ ಎರಡು ವರ್ಷ ಎಂ.ಫಿಲ್. ತರಬೇತಿ ಪಡೆದವರು, ಮಾತ್ರೆ ಕೊಡುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ನಂಬರ್ ಇರಲೇಬೇಕು, ಪರಿಷತ್ತಿನ ವೆಬ್‌ಸೈಟಿನಲ್ಲಿ ಅದನ್ನು ತಾಳೆ ನೋಡಬಹುದು. ಸೈಕಾಲಜಿ ಎಂ.ಎ. ಮಾಡಿಯೋ ಎಂಎಸ್‌ಡಬ್ಲ್ಯು ಮಾಡಿಯೋ ಕೌನ್ಸೆಲಿಂಗ್ ಮಾಡುವವರಿಗೆ ಈ ನಂಬರ್ ಇರುವುದಿಲ್ಲ. ಅದಕ್ಕೇ ಅವರನ್ನು ಸರಿಯಿಲ್ಲ ಅನ್ನಬೇಡಿ, ಅವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಎಲ್ಲಿ ಓದಿದ್ದು, ಯಾರ ಕೈಕೆಳಗೆ ಕೆಲಸ ಕಲಿತಿದ್ದು ಅಂತ ಮಾತ್ರ ಕೇಳಿಕೊಳ್ಳಿ.

ಅಪಾಯಿಂಟ್‌ಮೆಂಟ್ ತಗೊಳ್ಳುವ ಮುಂಚೆ ಐದು ನಿಮಿಷ ಫೋನಲ್ಲಿ ಮಾತಾಡಿ. ಓದು, ನಂಬರ್, ಫೀಸು, ಒಂದು ಸೆಷನ್ ಎಷ್ಟು ಹೊತ್ತು (ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇರಬೇಕು), ಮಾತ್ರೆ ಬೇಕಾಯಿತು ಅನ್ನಿಸಿದರೆ ಯಾವ ಡಾಕ್ಟರ ಹತ್ತಿರ ಕಳಿಸುತ್ತಾರೆ, ಎಲ್ಲ ಕೇಳಿ. ಕೇಳಿದ್ದಕ್ಕೇ ಸಿಡುಕಿದರೆ ಅಲ್ಲಿಗೆ ಬಿಡಿ. ನಿಮ್ಮಮ್ಮನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಇನ್ನೊಂದಿದೆ. ‘ಪೂರ್ತಿ ಕನ್ನಡದಲ್ಲೇ ಮಾತಾಡುತ್ತೀರಾ?’ ಅಂತ ಕೇಳಿ, ಅದನ್ನೂ ಕನ್ನಡದಲ್ಲೇ ಕೇಳಿ. ‘ಸ್ವಲ್ಪ ಸ್ವಲ್ಪ ಬರುತ್ತೆ’ ಅಂದವರು ಮಿಕ್ಕವರಿಗೆ ಸರಿ, ಇವರಿಗೆ ಬೇಡ. ಅಮ್ಮಂದಿರು ಡಿಪ್ರೆಷನ್ ಅಂತ ಎಲ್ಲಿ ಹೇಳುತ್ತಾರೆ? ‘ಎದೆ ಭಾರ’, ‘ಯಾಕೋ ಸಂಕಟ’, ‘ಕೈಕಾಲು ಸೋತು ಬರುತ್ತೆ’ ಅನ್ನುತ್ತಾರೆ. ಸಂಕಟ ಅಂದಾಗ ಅದು ಹೊಟ್ಟೆಯದಾ ಮನಸ್ಸಿನದಾ ಅಂತ ಹಿಡಿಯುವ ಕಿವಿ ಬೇಕಲ್ವಾ?

ಎಲ್ಲಿ ಹೋಗೋದು? ಮೊದಲು ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ. ಥೈರಾಯ್ಡ್, ಬಿ12, ಶುಗರ್ ಒಮ್ಮೆ ನೋಡಿಸಿ. ನಿದ್ದೆ, ಊಟ ಕೆಡುವುದಕ್ಕೆ ಅವೂ ಕಾರಣ ಆಗುತ್ತವೆ. ಸರ್ಕಾರಿ ಕಡೆ ನೋಡಿದರೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ನಿಮಗೆ ಹಸಿರು ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ತನಕ ನೇರ ದಾರಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದ್ದೇ ಇದೆ. ಜನ ಜಾಸ್ತಿ, ಮೊದಲ ಸಲ ಹೋದರೆ ಇಡೀ ದಿನ ಅಲ್ಲಿಗೇ ಅಂದುಕೊಂಡು ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಬೇಗ ಹೊರಡಿ. ಆದರೆ ನಮ್ಮ ಊರಲ್ಲಿ ನಿಮ್ಹಾನ್ಸ್ ಅನ್ನೋ ಹೆಸರನ್ನೇ ಬೈಗುಳ ಮಾಡಿಟ್ಟಿದ್ದೇವಲ್ಲ, ಅಮ್ಮ ಆ ಗೇಟ್ ನೋಡಿಯೇ ವಾಪಸ್ ನಡಿ ಅಂದಾರು. ಅಂಥವರಿಗೆ ಅಂತಲೇ ಅನ್ನೋ ಹಾಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರದೇ ವೆಲ್ ಬೀಯಿಂಗ್ ಸೆಂಟರ್ ಇದೆ. ಮುಂಚೆ ಫೋನ್ ಮಾಡಿ ಸಮಯ ತಗೊಂಡು ಹೋಗಿ. ನಿಮ್ಮ ಮನೆಯಿಂದ ದೂರ, ಅದು ನಿಜ.

ಇದ್ಯಾವುದಕ್ಕೂ ಅಮ್ಮ ಒಪ್ಪದಿದ್ದರೆ 14416. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮೊದಲು ನೀವೇ ಮಾಡಿ, ಅಮ್ಮನನ್ನು ಹೇಗೆ ಒಪ್ಪಿಸಲಿ ಅಂತಲೇ ಕೇಳಿ. ಬೆಳಗಿನ ಜಾವ ಮೂರಕ್ಕೂ ಫೋನ್ ಎತ್ತುತ್ತಾರೆ ಅನ್ನೋದು ನಿಮ್ಮ ಮನೆಗೆ ಬೇಕಾದ ವಿಷಯ. ‘ನಾನಿದ್ದು ಏನಾಗಬೇಕು’ ಅನ್ನೋ ಥರದ ಮಾತು ಅಮ್ಮನ ಬಾಯಲ್ಲಿ ಬಂದರೆ ಮಾತ್ರ ಇದೆಲ್ಲ ವಿಚಾರಣೆ ಪಕ್ಕಕ್ಕಿಟ್ಟು ಅವತ್ತೇ ಹೊರಡಿ. ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತೆ.

ಬಿಪಿ ಚೆಕ್ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ, ಒಳಗೆ ಹೋದ ಮೇಲೆ ಗೊತ್ತಾಗಿ ಬಾಯೇ ಬಿಡುವುದಿಲ್ಲ. ‘ನಿದ್ದೆ ಬರ್ತಿಲ್ವಲ್ಲ ಅಮ್ಮಾ, ಅದಕ್ಕೆ ಒಬ್ಬರನ್ನ ನೋಡೋಣ’ ಅನ್ನಿ. ಅದು ನಿಜವೂ ಹೌದು. ಮತ್ತೆ ಆ ರೀಚಾರ್ಜ್ ನಿಲ್ಲಿಸೋಕೆ ಹೋಗಬೇಡಿ. ಅದನ್ನು ಕೇಳಿ ‘ವಾಸ್ತವ ಒಪ್ಪಿಕೊಳ್ಳಿ’ ಅಂತ ಮೊದಲ ದಿನವೇ ಉಪದೇಶ ಶುರು ಮಾಡುವ ಕೌನ್ಸೆಲರ್ ಸಿಕ್ಕರೆ, ಎರಡನೇ ದಿನಕ್ಕೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ನನಗೆ 26, ಸಾಫ್ಟ್‌ವೇರ್ ಕೆಲಸ. ಕಂಪನಿ ಕೊಡುವ ಫ್ರೀ ಕೌನ್ಸೆಲಿಂಗ್‌ಗೆ ಹೋದರೆ ಎಚ್‌ಆರ್‌ಗೆ ಗೊತ್ತಾಗುತ್ತಾ?
– ಮಾರತ್ತಹಳ್ಳಿಯ ಒಬ್ಬ

ಉತ್ತರ: ಗೊತ್ತಾಗಬಾರದು. ಸಾಮಾನ್ಯವಾಗಿ ಇದನ್ನು ಹೊರಗಿನ ಸಂಸ್ಥೆಗೆ ಕೊಟ್ಟಿರುತ್ತಾರೆ. ಎಷ್ಟು ಜನ ಬಂದರು ಅನ್ನೋ ಲೆಕ್ಕ ಕಂಪನಿಗೆ ಹೋಗಬಹುದು, ಹೆಸರು ಹೋಗಬಾರದು. ನಿಮ್ಮ ವಿಷಯ ಗುಟ್ಟಾಗಿರಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತೆ. ಜೀವಕ್ಕೆ ಅಪಾಯ ಅನ್ನಿಸಿದರೆ, ಕೋರ್ಟ್ ಕೇಳಿದರೆ, ಇಂಥ ಕೆಲವು ಸಂದರ್ಭ ಮಾತ್ರ ಬೇರೆ. ಆದರೂ ಮೊದಲ ಸೆಷನ್‌ನಲ್ಲೇ ‘ಕಂಪನಿಗೆ ಏನೇನು ಕೊಡುತ್ತೀರಿ, ಬರವಣಿಗೆಯಲ್ಲಿ ತೋರಿಸಿ’ ಅಂತ ಕೇಳಿ, ಸಂಕೋಚ ಬೇಡ. ಬುಕ್ಕಿಂಗ್ ಆಫೀಸ್ ಮೇಲ್‌ನಿಂದ ಬೇಡ, ನಿಮ್ಮ ಸ್ವಂತ ಫೋನಿಂದ ಮಾಡಿ. ವಿಡಿಯೋ ಸೆಷನ್ ಆದರೆ ಆ ಗಾಜಿನ ಮೀಟಿಂಗ್ ರೂಮಲ್ಲಿ ಕೂರಬೇಡಿ, ಹೊರಗಿಂದ ಮುಖ ಕಾಣುತ್ತೆ. ಪಿಜಿಯಲ್ಲಿದ್ದರೆ ಟೆರೇಸ್‌ಗೆ ಹೋಗಿ, ಸಂಜೆ ಏಳರ ಮೇಲೆ ಬಟ್ಟೆ ಎತ್ತಲು ಬರುವವರೂ ಕಮ್ಮಿ.