ಮುಹೂರ್ತವಿಲ್ಲದ ತಿಂಗಳುಗಳು: ಛಾಯಾಗ್ರಾಹಕರ ಪ್ರಶ್ನೋತ್ತರ

ಪ್ರಶ್ನೆ: ದಾವಣಗೆರೆಯ ಸ್ಟುಡಿಯೊದಲ್ಲಿ ಸಂಬಳಕ್ಕಿದ್ದ ನಾನು ಈಗ ಸ್ವತಂತ್ರವಾಗಿ ಮದುವೆ, ಗೃಹಪ್ರವೇಶಗಳ ಫೋಟೊ ತೆಗೆಯುತ್ತಿದ್ದೇನೆ. ವೈಶಾಖದಲ್ಲಿ ಉಣ್ಣಲೂ ಬಿಡುವಿರುವುದಿಲ್ಲ, ಆಷಾಢ ಬಂದರೆ ಕೈ ಖಾಲಿ. ಇದನ್ನೇ ನಂಬಿ ಸಂಸಾರ ನಡೆಸಬಹುದೇ?
– ಓದುಗರು, ಹರಿಹರ

ಉತ್ತರ: ನಡೆಸಬಹುದು. ಆದರೆ ತಿಂಗಳ ಸಂಬಳದ ಲೆಕ್ಕವನ್ನು ಬಿಟ್ಟು ಇಡೀ ವರ್ಷದ ಲೆಕ್ಕವನ್ನು ಹಿಡಿಯಬೇಕು. ನಮ್ಮ ದುಡಿಮೆಯ ದಿನಗಳನ್ನು ಗೊತ್ತುಮಾಡುವುದು ಪಂಚಾಂಗ. ಆಷಾಢ, ಭಾದ್ರಪದದ ಪಿತೃಪಕ್ಷ, ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ, ಇವುಗಳಲ್ಲಿ ಕಲ್ಯಾಣ ಮಂಟಪಗಳು ಬಹುತೇಕ ಬಿಕೋ ಎನ್ನುತ್ತವೆ. ಸುಮಾರು ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸವೂ ಈ ಪಟ್ಟಿಗೆ ಸೇರುತ್ತದೆ. ಈ ಬಿಡುವು ಯಾವಾಗ ಬರುತ್ತದೆ ಎಂಬುದು ಯುಗಾದಿಯ ಹೊತ್ತಿಗೇ ತಿಳಿದಿರುವುದರಿಂದ, ಮದುವೆಯ ಕಾಲದ ಗಳಿಕೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಗೆ ಹಾಕಿ, ಅದನ್ನು ಖಾಲಿ ತಿಂಗಳುಗಳ ಮನೆಖರ್ಚಿಗೆ ಮಾತ್ರ ತೆಗೆಯುವ ಪದ್ಧತಿಯನ್ನು ಇಟ್ಟುಕೊಳ್ಳಿ.

ದರ ಹೇಳುವಾಗ ಮಂಟಪದಲ್ಲಿ ನಿಂತ ದಿನವನ್ನಷ್ಟೇ ಎಣಿಸಬೇಡಿ. ಸಾವಿರಾರು ಚಿತ್ರಗಳನ್ನು ಆರಿಸಿ ತಿದ್ದುವ ದಿನಗಳು, ಆಲ್ಬಂ ಮುದ್ರಣ, ಸಹಾಯಕರ ಕೂಲಿ, ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚಿ ಸವೆಯುವ ಕ್ಯಾಮೆರಾದ ಶಟರ್, ಇವೆಲ್ಲವೂ ಅದರಲ್ಲಿ ಇರಬೇಕು. ಮುಂಗಡ ಪಡೆಯದೆ ದಿನಾಂಕ ಕಾಯ್ದಿರಿಸಬೇಡಿ. ಆಲ್ಬಂ ಕೊಡುವ ದಿನ ಮತ್ತು ಬಾಕಿ ಹಣ ಬರುವ ದಿನ ಎರಡನ್ನೂ ಕಾಗದದ ಮೇಲೆ ಬರೆದು ಸಹಿ ಪಡೆಯಿರಿ. ಪರಿಚಯಸ್ಥರ ಮನೆಯ ಕೆಲಸಕ್ಕೆ ಈ ಕಾಗದ ಇನ್ನೂ ಹೆಚ್ಚು ಅಗತ್ಯ, ಏಕೆಂದರೆ ಅಲ್ಲಿ ಬಾಕಿ ಕೇಳಲು ನಾಲಿಗೆ ಏಳುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ.

ಬಿಡುವಿನ ತಿಂಗಳುಗಳಲ್ಲಿ ಬಟ್ಟೆ ಅಂಗಡಿಯ ಸರಕುಗಳ ಚಿತ್ರ, ಶಾಲಾ ವಾರ್ಷಿಕೋತ್ಸವ, ನಾಮಕರಣ ಇತ್ಯಾದಿ ಕೆಲಸಗಳು ಸಿಗುತ್ತವೆ, ಒಪ್ಪಿಕೊಳ್ಳಿ. ಆದರೆ ಖಾಲಿ ಇದ್ದೇನೆ ಎಂಬ ಭಯಕ್ಕೆ ಅರ್ಧ ದರದ ಕೆಲಸ ಹಿಡಿದರೆ ಮುಂದಿನ ವೈಶಾಖದಲ್ಲಿ ಅದೇ ನಿಮ್ಮ ದರವಾಗುತ್ತದೆ. ಆ ದಿನಗಳಲ್ಲಿ ಕೆಲವನ್ನು ಮನೆಯವರಿಗೆ ಮತ್ತು ನಿಮಗೆ ಎಂದು ಡೈರಿಯಲ್ಲಿ ಮೊದಲೇ ಬರೆದುಬಿಡುವುದು ನನ್ನ ದೃಷ್ಟಿಯಲ್ಲಿ ಮುಂಗಡದಷ್ಟೇ ಮುಖ್ಯ.

ಪ್ರಶ್ನೆ: ನನ್ನ ಯಜಮಾನರು ಊರಿನವರ ಮಕ್ಕಳ ಚಿತ್ರಗಳನ್ನೆಲ್ಲ ಅಷ್ಟು ಚೆನ್ನಾಗಿ ತೆಗೆಯುತ್ತಾರೆ. ನಮ್ಮ ಮಗಳಿಗೆ ಐದು ವರ್ಷ. ಅವಳ ಚಿತ್ರಗಳೆಲ್ಲ ನನ್ನ ಮೊಬೈಲಿನಲ್ಲೇ ಇವೆ, ಅವರು ತೆಗೆದದ್ದು ಇಲ್ಲವೆಂದರೂ ಸರಿ. ಕೇಳಿದರೆ ರಜೆಯ ದಿನವೂ ಕ್ಯಾಮೆರಾ ಹಿಡಿಯಬೇಕೇ ಎನ್ನುತ್ತಾರೆ.
– ಓದುಗರು, ಚಿತ್ರದುರ್ಗ

ಉತ್ತರ: ಈ ಪತ್ರವನ್ನು ದಯವಿಟ್ಟು ಅವರಿಗೂ ಓದಿ ಹೇಳಿ. ಅವರ ದಣಿವು ನಿಜವಾದದ್ದು. ಮೂರು ದಿನದ ಮದುವೆ ಮುಗಿಸಿ ಬಂದವರಿಗೆ ಎರಡು ಕ್ಯಾಮೆರಾ ಬಾಡಿ, ಫ್ಲ್ಯಾಶ್, ಭಾರದ ಜೂಮ್ ಲೆನ್ಸುಗಳನ್ನು ಮತ್ತೆ ಮುಟ್ಟುವ ಮನಸ್ಸಾಗುವುದಿಲ್ಲ. ಆದ್ದರಿಂದ ಮನೆಗೆ ಆ ಸಲಕರಣೆಯೇ ಬೇಡ. 35 ಅಥವಾ 50 ಎಂಎಂನ ಒಂದೇ ಒಂದು ಚಿಕ್ಕ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಮಗುವಿನ ಕೈಗೆ ಎಟುಕದ, ಅವರ ಕೈಗೆ ಥಟ್ಟನೆ ಸಿಗುವ ಜಾಗದಲ್ಲಿ ಇಡಲಿ. ಫ್ಲ್ಯಾಶ್ ಹಾಕದೆ ಕಿಟಕಿಯ ಬೆಳಕನ್ನೇ ನೆಚ್ಚಿ, ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾಗದಂತೆ ನೋಡಿಕೊಂಡು, ಐಎಸ್‌ಒ (ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯ ಅಳತೆ) 3200ಕ್ಕೆ ಏರಿದರೂ ಹೆದರದೆ ತೆಗೆಯಲಿ. ಚಿತ್ರದಲ್ಲಿ ಕಾಳಿನಂಥ ಒಂದಿಷ್ಟು ಚುಕ್ಕೆ ಕಾಣಿಸಿದರೆ ನಷ್ಟವಿಲ್ಲ. ಮಗುವನ್ನು ‘ಇಲ್ಲಿ ನೋಡು, ನಗು’ ಎಂದು ನಿಲ್ಲಿಸಿದರೆ ಮಾತ್ರ ನಷ್ಟ. ಜಡೆ ಹಾಕಿಸಿಕೊಳ್ಳುವಾಗಿನ ಸಿಡುಕು, ಅಜ್ಜಿಯ ಜೊತೆ ಮಂಡಕ್ಕಿ ಹಂಚಿಕೊಳ್ಳುವಾಗಿನ ಜಗಳ, ಇವು ಗಿರಾಕಿಗಳು ಹೇಳಿ ತೆಗೆಸುವ ಚಿತ್ರಗಳಲ್ಲ, ಮನೆಯಲ್ಲೇ ಇರುವವರಿಗೆ ಮಾತ್ರ ಸಿಗುವಂಥವು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ತಮ್ಮ ಬದುಕಿನ ಬಹುಕಾಲ ಸ್ವತಂತ್ರ ಛಾಯಾಗ್ರಾಹಕರಾಗಿಯೇ ದುಡಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ನಿತ್ಯದ ಬದುಕನ್ನು ತಾಳ್ಮೆಯಿಂದ ನೋಡುವ ಕಣ್ಣೇ ಅವರ ಬಂಡವಾಳವಾಗಿತ್ತು, ಮತ್ತು ಅಂಥ ಕಣ್ಣನ್ನು ಪಳಗಿಸಿಕೊಳ್ಳಲು ಮನೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮನೆಯ ಚಿತ್ರ ತೆಗೆಯತೊಡಗಿದವರ ಮದುವೆ ಚಿತ್ರಗಳೂ ಬದಲಾಗುವುದನ್ನು ನಾನು ಕಂಡಿದ್ದೇನೆ. ಕ್ಯಾಮೆರಾವನ್ನು ನೀವೂ ಆಗಾಗ ಕಸಿದುಕೊಳ್ಳಿ, ಇಲ್ಲದಿದ್ದರೆ ಮಗಳು ದೊಡ್ಡವಳಾದಾಗ ಅಪ್ಪನಿರುವ ಚಿತ್ರ ಒಂದೂ ಇರುವುದಿಲ್ಲ. ವರ್ಷಕ್ಕೊಮ್ಮೆ, ಆಷಾಢದಲ್ಲಿ, ಆರಿಸಿದ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ. ಮೂಲ ಕಡತಗಳ ಮೂರು ಪ್ರತಿಗಳಿರಲಿ, ಅದರಲ್ಲಿ ಒಂದು ತವರುಮನೆಯಲ್ಲೋ ಬೇರೆಲ್ಲೋ ಇರಲಿ.

ಪ್ರಶ್ನೆ: ನಾನು ತೆಗೆದ ಮದುವೆ ಚಿತ್ರಗಳು ನನ್ನವಲ್ಲವೇ? ನನ್ನ ಕೆಲಸದ ಮಾದರಿಯಾಗಿ ತೋರಿಸಿದ್ದಕ್ಕೆ ಗಿರಾಕಿ ಆಕ್ಷೇಪಿಸಿದ್ದಾರೆ.
– ಓದುಗರು, ಹೊಳಲ್ಕೆರೆ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಆಕ್ಷೇಪ ನ್ಯಾಯವಾದದ್ದು, ಮಾದರಿಯಿಂದ ಆ ಚಿತ್ರಗಳನ್ನು ತೆಗೆದುಹಾಕಿ. ಮುಂದಿನ ಕರಾರಿನಲ್ಲಿ ಮಾದರಿಗಾಗಿ ತೋರಿಸಲು ಒಪ್ಪಿಗೆ ಎಂಬ ಸಾಲನ್ನು ಸೇರಿಸಿ, ಬೇಡ ಎನ್ನುವ ಮನೆಯವರ ಮಾತಿಗೆ ಗೌರವ ಕೊಡಿ.

ಪ್ರಶ್ನೆ: ಮದುವೆ ಕೆಲಸದ ನಡುವೆ ಬೆಟ್ಟ ಹತ್ತುವ, ಹಕ್ಕಿ ನೋಡುವ ಹವ್ಯಾಸವನ್ನು ಉಳಿಸಿಕೊಳ್ಳಬೇಕೆಂದಿದ್ದೇನೆ. ನಮ್ಮ ಸೀಮೆಯಲ್ಲಿ ಎಲ್ಲಿಗೆ, ಯಾವಾಗ ಹೋಗಲಿ?
– ಓದುಗರು, ದಾವಣಗೆರೆ

ಉತ್ತರ: ಮುಹೂರ್ತವಿಲ್ಲದ ಆ ತಿಂಗಳುಗಳೇ ಬಯಲಿಗೆ ಪ್ರಶಸ್ತವಾಗಿರುವುದು ನಮ್ಮ ಭಾಗ್ಯ. ಆಷಾಢದಲ್ಲಿ ಚಿತ್ರದುರ್ಗದ ಜೋಗಿಮಟ್ಟಿ ಹಸಿರಾಗಿ, ಮಂಜಿನಲ್ಲಿ ಮುಳುಗುತ್ತದೆ. ಧನುರ್ಮಾಸದಲ್ಲಿ ವಲಸೆ ಹಕ್ಕಿಗಳ ಕಾಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ದಾವಣಗೆರೆಗೆ ಹತ್ತಿರದ ಕೊಂಡಜ್ಜಿ ಕೆರೆಗಳ ದಂಡೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಕುಳಿತಿರಬೇಕು. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡಿನ ಆಸುಪಾಸಿರಲಿ. ದುರ್ಗದ ಏಳುಸುತ್ತಿನ ಕೋಟೆಗೆ ಮನೆಯವರನ್ನೂ ಕರೆದೊಯ್ಯಿರಿ, ಇಳಿಬಿಸಿಲಿನಲ್ಲಿ ಆ ಬಂಡೆಗಳ ಬಣ್ಣವೇ ಬೇರೆ. ಅದು ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಟ್ರೈಪಾಡ್, ಡ್ರೋನ್ ಮತ್ತು ಹಣಕ್ಕಾಗಿ ಮಾಡುವ ಪ್ರಿ-ವೆಡ್ಡಿಂಗ್ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯ ಕೊಂಡುಕುರಿಗಾಗಿ ಮೀಸಲಾದ ಕಾಡು. ಗಂಡಿಗೆ ನಾಲ್ಕು ಕೊಂಬುಗಳಿರುವ, ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಬದುಕಿರುವ ಈ ಪ್ರಾಣಿ ಬಹಳ ಅಂಜುಬುರುಕ. ಚಿತ್ರ ಸಿಗದೆ ಮರಳುವುದಕ್ಕೆ ಸಿದ್ಧರಾಗಿಯೇ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನಂತೂ ತೆಗೆಯಲೇಬೇಡಿ: ನಮ್ಮ ಸುಳಿದಾಟಕ್ಕೆ ಬೆದರಿ ತಾಯಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೆ ದಾರಿ ಗೊತ್ತಾಗುತ್ತದೆ.