ಕ್ರಿಸ್‌ಗೆ ತಿಳಿಯಲಿಲ್ಲವಾ?

ಪ್ರಶ್ನೆ: 1945ರ ‘ಸ್ಕಾರ್ಲೆಟ್ ಸ್ಟ್ರೀಟ್’ ಸಿನಿಮಾ ನೋಡಿದೆ. ಕ್ಯಾಷಿಯರ್ ಕ್ರಿಸ್ ಕಿಟ್ಟಿಯ ಹಿಂದೆ ಬಿದ್ದು ಹಾಳಾಗುತ್ತಾನೆ. ಅವಳ ಮೋಸ ಅವನಿಗೆ ತಿಳಿಯುವುದೇ ಇಲ್ಲವಾ?
– ಓದುಗರೊಬ್ಬರು, ಧಾರವಾಡ

ಉತ್ತರ: ತಿಳಿಯಲು ಅವನಿಗೆ ಮನಸ್ಸಿಲ್ಲ ಅನಿಸುತ್ತದೆ. ಹೆಂಡತಿಗೆ ಅವನು ಬಿಡಿಸುವ ಚಿತ್ರಗಳೆಂದರೆ ಕಸ. ಪಾಪ, ಬಚ್ಚಲಮನೆಯಲ್ಲಿ ನಿಂತು ಬಣ್ಣ ಹಚ್ಚಬೇಕು. ಕಿಟ್ಟಿಯೋ, ಅವನನ್ನು ದೊಡ್ಡ ಕಲಾವಿದ ಅಂದುಕೊಳ್ಳುತ್ತಾಳೆ. ಅವನು ‘ಅಲ್ಲ’ ಅನ್ನುವುದಿಲ್ಲ. ಅಲ್ಲೇ ಜಾರಿದ. ಹಣ ಕದಿಯುವುದೆಲ್ಲ ಆಮೇಲಿನದು. ತನ್ನ ಚಿತ್ರಗಳು ಅವಳ ಹೆಸರಲ್ಲಿ ಮಾರಾಟವಾಗಿವೆ ಎಂದು ಗೊತ್ತಾದಾಗಲೂ ಅವನಿಗೆ ಸಂತೋಷವೇ! ನನಗೆ ಜಾಸ್ತಿ ಸಂಕಟವಾದದ್ದು ಅಲ್ಲಿ, ಕೊಲೆಯ ದೃಶ್ಯದಲ್ಲಲ್ಲ. ಅವಳ ಕಾಲ್ಬೆರಳಿಗೆ ಉಗುರುಬಣ್ಣ ಹಚ್ಚುವಾಗ ಕ್ರಿಸ್ ಪಾತ್ರದ ಎಡ್ವರ್ಡ್ ಜಿ. ರಾಬಿನ್ಸನ್ ಮುಖವನ್ನು ಇನ್ನೊಮ್ಮೆ ನೋಡಿ. ಗ್ಯಾಂಗ್‌ಸ್ಟರ್ ಪಾತ್ರಗಳಿಂದ ಹೆಸರಾದ ನಟ ಅವರು, ಅಲ್ವಾ? ನಿರ್ದೇಶಕ ಫ್ರಿಟ್ಸ್ ಲಾಂಗ್ ಈ ಸಿನಿಮಾದ ಮೂವರು ಮುಖ್ಯ ನಟರೊಂದಿಗೇ 1944ರಲ್ಲಿ ‘ದಿ ವುಮನ್ ಇನ್ ದಿ ವಿಂಡೋ’ ಮಾಡಿದ್ದರು. ಅದನ್ನೂ ತಪ್ಪದೆ ನೋಡಿ.