ಅಂಕ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ: ತರಗತಿಯಲ್ಲಿ ಮೌಲ್ಯಮಾಪನ ಹೇಗೆ ಮಾಡಲಿ?

ಜಗಳೂರು ಕಡೆಯ ಪ್ರೌಢಶಾಲೆಗೆ ಹೊಸದಾಗಿ ಬಂದಿರುವ ನೀವು ಕೇಳಿದ್ದೀರಿ: ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುವ ಒಂಬತ್ತನೇ ತರಗತಿಯ ಮಕ್ಕಳು ‘ಬೆಳಿಗ್ಗೆ ಏನು ತಿಂದೆ’ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ತಲೆ ತಗ್ಗಿಸುತ್ತಾರೆ, ಐವತ್ತೈದು ಮಕ್ಕಳಲ್ಲಿ ಯಾರಿಗೆ ಎಷ್ಟು ಬರುತ್ತದೆ ಎಂದು ತಿಳಿಯುವುದು ಹೇಗೆ?

ನಾನು ಚಳ್ಳಕೆರೆ ತಾಲ್ಲೂಕಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಹದಿನೇಳು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊದಲ ಮಾತು, ಮಕ್ಕಳನ್ನು ದೂರಬೇಡಿ. ಪಾಠದ ಕೊನೆಯ ಪ್ರಶ್ನೆಗಳನ್ನೇ ಕೇಳುತ್ತೇವೆ, ಉತ್ತರವನ್ನು ನಾವೇ ಬರೆಸಿರುತ್ತೇವೆ, ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆ ಅಂಕ ನೆನಪಿನ ಶಕ್ತಿಗೆ ಸಂದದ್ದು.

ನನ್ನ ಕಣ್ಣು ತೆರೆಸಿದ್ದು ಅರ್ಧ ಹಾಳೆ. ಒಂದು ದಿನ ಪೀರಿಯಡ್ಡಿನ ಕೊನೆಯ ಐದು ನಿಮಿಷದಲ್ಲಿ, ಪುಸ್ತಕ ಮುಚ್ಚಿಸಿ, ಮನೆಯವರ ಬಗ್ಗೆ ಮೂರು ವಾಕ್ಯ ಬರೆಯಲು ಹೇಳಿದೆ. ‘ಮೈ ಫಾದರ್ ಫಾರ್ಮರ್’, ‘ಮೈ ಸಿಸ್ಟರ್ ವೆರಿ ಟಾಲ್’. ಮುಕ್ಕಾಲು ಪಾಲು ಹಾಳೆಗಳಲ್ಲಿ ‘ಈಸ್’ ಇರಲಿಲ್ಲ. ವರ್ಷಗಟ್ಟಲೆ ಒಂದೊಂದು ಪುಸ್ತಕದಲ್ಲೂ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೆ, ಆದರೆ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿರಲಿಲ್ಲ. ಕನ್ನಡದಲ್ಲಿ ‘ನಮ್ಮ ಅಪ್ಪ ರೈತ’ ಎಂದರೆ ವಾಕ್ಯ ಪೂರ್ಣ, ಕ್ರಿಯಾಪದವೇ ಬೇಕಿಲ್ಲ. ಮಕ್ಕಳು ತಮ್ಮ ಭಾಷೆಯ ನಿಯಮವನ್ನು ಸರಿಯಾಗಿ ಪಾಲಿಸಿದ್ದರು! ಮರುದಿನ ಎರಡೂ ಭಾಷೆಯ ವಾಕ್ಯಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಎಲ್ಲಿ ಏನು ಹೆಚ್ಚಿದೆ ಎಂದು ಅವರಿಂದಲೇ ಹುಡುಕಿಸಿದೆ. ಆ ವಾರ ಬೇರೆ ಯಾವ ತಪ್ಪನ್ನೂ ತಿದ್ದಲಿಲ್ಲ. ನಾಳೆ ಏನು ಕಲಿಸಬೇಕೆಂದು ನನಗೆ ಹೇಳಿಕೊಟ್ಟ ಪರೀಕ್ಷೆ ಅದು.

ಆ ಹಾಳೆಗೆ ಅಂಕ ಹಾಕಬೇಡಿ. ಇಸ್ರೇಲಿನ ಶಾಲಾಮಕ್ಕಳ ಮೇಲೆ ರುತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರಿಯ ಟಿಪ್ಪಣಿ ಪಡೆದ ಮಕ್ಕಳು ಮುಂದುವರಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ನಮ್ಮಲ್ಲೂ ಅಷ್ಟೇ: ಅಂಕ ಕಂಡ ಕೂಡಲೇ ಮಗು ಪಕ್ಕದವರ ಹಾಳೆಗೆ ಇಣುಕುತ್ತದೆ, ನಾವು ಬರೆದದ್ದನ್ನು ಓದುವುದಿಲ್ಲ.

ಓದಿದ್ದು ಅರ್ಥವಾಗಿದೆಯೇ ಎಂದು ತಿಳಿಯಬೇಕಾದಾಗ ಕನ್ನಡದಲ್ಲೇ ಉತ್ತರಿಸಲು ಬಿಡಿ. ಇದಕ್ಕೆ ಹಲವರು ಒಪ್ಪುವುದಿಲ್ಲ, ನಾನು ಮಾತ್ರ ಬಿಡುವುದಿಲ್ಲ. ಓದಿ ಗ್ರಹಿಸುವುದು ಒಂದು ಶಕ್ತಿ, ಇಂಗ್ಲಿಷಿನಲ್ಲಿ ಬರೆಯುವುದು ಇನ್ನೊಂದು. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಅಳೆದರೆ ಸೊನ್ನೆ ಯಾವುದಕ್ಕೆ ಬಿತ್ತೆಂದು ಗೊತ್ತಾಗುವುದಿಲ್ಲ.

ಇಂಗ್ಲಿಷ್ ಮಾತನಾಡುವುದನ್ನು ಅಳೆಯಲು ದಿನಕ್ಕೆ ಐದೇ ಮಕ್ಕಳು ಸಾಕು. ಹನ್ನೊಂದು ದಿನಕ್ಕೆ ತರಗತಿ ಮುಗಿಯುತ್ತದೆ. ಮೊದಲು ಜೊತೆಯವರೊಂದಿಗೆ ಮಾತನಾಡಲಿ, ನೀವು ಬೆಂಚಿನ ಪಕ್ಕ ನಿಂತು ಕೇಳಿ. ಪ್ರಶ್ನೆ ಹಾಕಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಆ ಮೌನವನ್ನು ನಾವು ತುಂಬಿಬಿಟ್ಟರೆ ಮಗುವಿನ ವಾಕ್ಯ ಗಂಟಲಲ್ಲೇ ಉಳಿಯುತ್ತದೆ. ಕೇಳಿದ್ದನ್ನು ಹೆಸರಿನ ಮುಂದೆ ಒಂದು ಸಾಲು ಬರೆದಿಡಿ: ‘ಹಿಂದಿನ ದಿನದ ಸಂಗತಿ ಹೇಳುವಾಗಲೂ ಗೋ ಎನ್ನುತ್ತಾಳೆ’ ಎಂಬಷ್ಟು ಸಾಕು.

ಎಫ್‌ಎ ದಾಖಲೆಗಳನ್ನು ತುಂಬಲೇಬೇಕು, ತುಂಬಿ. ಎಸ್‌ಎಸ್‌ಎಲ್‌ಸಿಯ ಇಂಗ್ಲಿಷಿನಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ ಇಪ್ಪತ್ತನ್ನು ಕರುಣೆಯಿಂದ ಎಲ್ಲರಿಗೂ ಸಮನಾಗಿ ಹಂಚಿದರೆ ಅದರಿಂದ ನಮಗೂ ಮಗುವಿಗೂ ಏನೂ ತಿಳಿಯುವುದಿಲ್ಲ. ಅಂಕ ಕೊಡುವ ಹೊತ್ತಿಗೆ ಆ ಒಂದೊಂದು ಸಾಲಿನ ಟಿಪ್ಪಣಿ ಕೈಗೆ ಬರುತ್ತದೆ.

ಐವರ ಸರದಿಯನ್ನು ಹಿಂದಿನ ಬೆಂಚಿನಿಂದ ಶುರುಮಾಡಿ. ಮುಂದಿನಿಂದ ಹೊರಟರೆ ಪಾಠ ಮುಗಿಸುವ ಅವಸರದಲ್ಲಿ ಹಿಂದಿನವರ ಸರದಿ ತಪ್ಪಿಹೋಗುತ್ತದೆ. ಒಂದು ವರ್ಷ ನಾನು ಹಾಗೆ ಮಾಡಿ, ಕೊನೆಯ ಸಾಲಿನ ನಾಲ್ವರು ಹುಡುಗಿಯರ ದನಿಯನ್ನು ಒಮ್ಮೆಯೂ ಕೇಳದೆ ಹತ್ತನೇ ತರಗತಿಗೆ ಕಳಿಸಿದೆ.